ಒಂದೂವರೆ ಮುಷ್ಟಿ

ಮೊದಲು ಕಾಲು.
ಕಾಗಾಲದ ಮರಳು ಯಾರ ಕಾಲನ್ನೂ ನಂಬುವುದಿಲ್ಲ.
ಮೂರು ಚಿರೆಕಲ್ಲು ತಂದು ಅರ್ಧ ಹೂಳಿ
ಒಂದೊಂದರ ಮೇಲೆ ಒಂದೊಂದು ಕಾಲೂರಿಸಿ
ಹೆಗಲು ಕೊಟ್ಟು ಒತ್ತಿ ನೋಡಿದ ಬುದವಂತ ಹರಿಕಂತ್ರ.
"ಈಗ ಕೂತ್ತು" ಅಂದ,
ಹಟದ ಮಗುವನ್ನು ಊಟಕ್ಕೆ ಕೂರಿಸಿದವನ ಹಾಗೆ.

ನನ್ನದು ಕುಮಟೆಯಲ್ಲಿ ಕನ್ನಡಕದ ಅಂಗಡಿ.
ಇಪ್ಪತ್ತು ವರ್ಷ ಊರವರ ಮೂಗಿನ ಮೇಲೆ ಗಾಜು ಬದಲಿಸುತ್ತ
"ಈಗ? ಈಗ ಕಾಣ್ತದೋ?" ಎಂದು ಕೇಳಿ ಕೇಳಿ
ಕೊನೆಗೆ ನನಗೆಂದೇ ಒಂದು ಗಾಜು ಕೊಂಡೆ.
ಎಂಟಿಂಚು. ಬೆಲೆ ಯಾರಿಗೂ ಹೇಳಿಲ್ಲ.

ಆಮೇಲೆ ವಯರು.
ದೋಣಿಯ ಬ್ಯಾಟರಿಯಿಂದ ಮೋಟಾರಿಗೆ, ಮೋಟಾರಿನಿಂದ ಲ್ಯಾಪ್‌ಟಾಪಿಗೆ,
ಅಲ್ಲಿಂದ ಕ್ಯಾಮೆರಾಕ್ಕೆ, ಮತ್ತೊಂದು
ಇಬ್ಬನಿ ಕೂರದಂತೆ ಗಾಜನ್ನು ಬೆಚ್ಚಗಿಡುವ ಪಟ್ಟಿಗೆ.
ನಾನು ಗಂಟು ಮಾಡಿಟ್ಟದ್ದನ್ನು ಅವನು
ಬಲೆಯಿಂದ ಏಡಿ ಬಿಡಿಸುವ ಬೆರಳಲ್ಲಿ ಬಿಡಿಸಿ
ಕತ್ತದ ಹಗ್ಗದಲ್ಲಿ ಕಟ್ಟಿ ಬದಿಗೆ ಸರಿಸಿದ;
ಕತ್ತಲಲ್ಲಿ ಎಡವುವವಳು ನಾನೇ ಎಂದು ಅವನಿಗೆ ಗೊತ್ತು.
ಬೋರಲು ಹಾಕಿದ ಮೀನಿನ ಕ್ರೇಟು ಮೇಜು.
ದೀಪಾವಳಿಯ ಆಕಾಶಬುಟ್ಟಿಯಲ್ಲಿ ಮಿಕ್ಕ ಕೆಂಪು ಕಾಗದ
ಪರದೆಯ ಮೇಲೆ ಅಂಟಿಸಿದ್ದೇನೆ.
ತಾರಲೆ ವಾಸನೆಯ ಕೆಂಪು ಬೆಳಕಲ್ಲಿ
ಯಂತ್ರ ಕೇಳಿತು: ನೀನೆಲ್ಲಿದ್ದೀ?

ಹದಿನಾಲ್ಕೂವರೆ ಡಿಗ್ರಿ ಉತ್ತರ, ಹೊಡೆದೆ.
ಎಪ್ಪತ್ತನಾಲ್ಕೂ ಚಿಲ್ಲರೆ, ಹೊಡೆದೆ.
ರೋಹಿಣಿಯನ್ನು ತೋರಿಸು ಅಂದೆ.

ಗುಂಯ್ಯೆಂದು ತಿರುಗಿತು. ತಿರುಗಿ, ಬಗ್ಗಿ, ಮತ್ತೂ ಬಗ್ಗಿ
ಮೂತಿಯನ್ನು ಮರಳಿಗೆ ಹಚ್ಚುವಷ್ಟು ತಂದು ನಿಂತಿತು.
ರೋಹಿಣಿ ನಮ್ಮ ನೆತ್ತಿಯ ಮೇಲೆ ಕೆಂಪಗೆ ಕೂತಿದ್ದಳು.
"ಅಲ್ಲ ಚಾಳೀಸಕ್ಕ,
ಇದು ಬೆಳಚು ಹೆಕ್ಕೂಕೆ ಬಂದದ್ದೋ?"

ತಪ್ಪು ಹುಡುಕಲು ಅರ್ಧ ಗಂಟೆ.
ಪೂರ್ವ ಎನ್ನಬೇಕಾದಲ್ಲಿ ಪಶ್ಚಿಮ ಎಂದಿದ್ದೆ.
ಪಾಪ, ಅದು ಭೂಮಿಯ ಆಚೆ ಬದಿಯ ಯಾವುದೋ ಸಮುದ್ರದ ನಡುವೆ
ಬೆಳಿಗ್ಗೆ ಹತ್ತೂವರೆಯ ಬಿಸಿಲಲ್ಲಿ ನಿಂತು
ಮುಳುಗಿದ ನಕ್ಷತ್ರವನ್ನು ನೀರಿನೊಳಗೆ ಹುಡುಕುತ್ತಿತ್ತು.
ಹೇಳಿದ್ದನ್ನು ಹೇಳಿದ ಹಾಗೇ ಮಾಡಿತ್ತು.

ಧ್ರುವನಿಗೆ ಅದನ್ನು ಹೊಂದಿಸಬೇಕಿತ್ತು.
ಅಘನಾಶಿನಿಯ ಆಚೆ ತದಡಿ ಬಂದರಿನ ದೀಪಗಳು,
ಅದರ ಮೇಲೆ ಮಂಜು; ನನಗೆ ಏನೂ ಕಾಣಲಿಲ್ಲ.
ಬುದವಂತ ಕೈ ಚಾಚಿ ಮುಷ್ಟಿ ಕಟ್ಟಿ ದಿಗಂತದ ಮೇಲಿಟ್ಟ,
ಅದರ ಮೇಲೆ ಇನ್ನೊಂದು, ಅರ್ಧ ಮಡಚಿ.
"ಅಲ್ಲಿ.
ಒಂದೂವರೆ ಇದ್ರೆ ನಮ್ಮೂರು.
ಎರಡಾದ್ರೆ ಮುಂಬಯಿ ದಾಟ್ದೆ ಅಂತ ಲೆಕ್ಕ,
ಒಂದೇ ಆದ್ರೆ ಕೊಚ್ಚಿ.
ಅಪ್ಪ ಹೊಡೆದು ಕಲಿಸಿದ್ದು."
ಪರದೆಯ ಮೇಲೆ ಹದಿನಾಲ್ಕೂವರೆ ಮಿನುಗುತ್ತಿತ್ತು.
ಅವನಿಗೆ ತೋರಿಸಿದೆ. ತಲೆ ಹಾಕಿದ,
ಅದೇನು ದೊಡ್ಡ ಸಂಗತಿಯೆಂಬಂತೆ ಬೀಡಿ ಹುಡುಕಿದ.
"ಬೆಂಕಿ ಹಚ್ಚಬೇಡ" ಎಂದು ಕಿರುಚಿದೆ.

ಆಮೇಲೆ ಎರಡು ತಾಸು ಎಲ್ಲವೂ ಸರಿಯಿತ್ತು.
ಮಹಾವ್ಯಾಧನ ಕತ್ತಿಯ ಬಳಿಯ ಆ ಮಬ್ಬು
ಮೊದಲು ಬೂದಿ, ಆಮೇಲೆ ಶಂಖದ ಒಳಮೈಯ ಬಣ್ಣ.
ಹದಿಮೂರನೆಯ ಚಿತ್ರ ಅರ್ಧವಾಗಿತ್ತು.
ಒಂದು ಗಂಟೆ. ಇಳಿತ.
"ಬ್ಯಾಟರಿ ಬೇಕಲೆ" ಅಂದ ಬುದವಂತ, ತಪ್ಪು ಮಾಡಿದವನಂತೆ.

ಮೋಟಾರಿನ ಗುಂಯ್ ನಿಂತಿತು.
ಕ್ಯಾಮೆರಾ ಬಿಚ್ಚಿ ಕಣ್ಣಿನ ಗಾಜು ಸಿಕ್ಕಿಸಿ
ಕೈಯಿಂದಲೇ ತಳ್ಳಿ ಲುಬ್ಧಕನನ್ನು ತಂದೆ,
ಅವನನ್ನು ಬಗ್ಗಿಸಿದೆ.
"ಈಗ? ಈಗ ಕಾಣ್ತದೋ?"
"ಹ್ಞಾ... ಎಲ್ಲಿಗೆ ಹೋತದೆ ಇದು? ಸರೀತಾ ಉಂಟು!"
"ಅದಲ್ಲ, ನಾವು."
ಬುದವಂತ ಕ್ರೇಟಿನ ಅಂಚು ಹಿಡಿದುಕೊಂಡ.

ಅವನ ದೋಣಿಯ ಸದ್ದು ಅಳಿವೆ ದಾಟುವವರೆಗೂ
ವಯರು ಸುತ್ತುತ್ತ ಕೂತಿದ್ದೆ. ಬೆರಳಿಗೆಲ್ಲ ಉಪ್ಪು.

ಬೆಳಿಗ್ಗೆ ಮರೆತ ಮುಚ್ಚಳ ಹುಡುಕಿಕೊಂಡು ಬಂದರೆ
ಮೂರು ಚಿರೆಕಲ್ಲುಗಳನ್ನು ಯಾರೋ ಹತ್ತಿರ ಸರಿಸಿ
ನಡುವೆ ಬೆಂಕಿ ಹಾಕಿ ಚಾ ಕಾಸಿದ್ದರು.
ಮುಚ್ಚಳದಲ್ಲಿ ಸಕ್ಕರೆ ಇತ್ತು.